ಕಡಿಮೆ ಖರ್ಚಿನಲ್ಲಿ ಚಳಿಗಾಲ: ಮನೆಯೊಳಗೆ ಬೆಚ್ಚಗಿರಲು ಸಮಗ್ರ ಮಾರ್ಗದರ್ಶಿ

ಚಳಿ ಶುರುವಾದ ಕೂಡಲೇ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಹೀಟರ್. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಅದು ಕೊನೆಗೆ ನೆನಪಾಗಬೇಕು. ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

1500 ವಾಟ್‌ನ ಹೀಟರ್ ದಿನಕ್ಕೆ 5 ಗಂಟೆ ಉರಿದರೆ 7.5 ಯೂನಿಟ್ ಕರೆಂಟ್ ಬೇಕು. 30 ದಿನಕ್ಕೆ 225 ಯೂನಿಟ್. ಅದೇ 5 ಗಂಟೆ 100 ವಾಟ್‌ನ ಎಲೆಕ್ಟ್ರಿಕ್ ಕಂಬಳಿ ಹೊದ್ದು ಕೂತರೆ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ಇಷ್ಟು ವ್ಯತ್ಯಾಸ ಯಾಕೆ? ಹೀಟರ್ ನಿಮ್ಮನ್ನು ತಲುಪುವ ಮುಂಚೆ ಗೋಡೆ, ಸೂರು, ಬೀರು, ಯಾರೂ ಕೂರದ ಮೂಲೆ ಎಲ್ಲವನ್ನೂ ಕಾಯಿಸಬೇಕು. ಕಂಬಳಿ ನಿಮ್ಮನ್ನು ಮಾತ್ರ ಕಾಯಿಸುತ್ತದೆ.

ಹಾಗಾಗಿ ಕೆಲಸದ ಕ್ರಮ ಇದು: ಮೊದಲು ಮೈ, ಆಮೇಲೆ ಕೂರುವ ಜಾಗ ಮತ್ತು ಹಾಸಿಗೆ, ಅದಾದ ಮೇಲೆ ಒಂದೇ ಒಂದು ಕೋಣೆ. ಹೀಟರ್ ವಿಷಯ ಅಲ್ಲಿಂದ ಮುಂದೆ.

ಶುರು ಮಾಡುವ ಮುಂಚೆ ಒಂದು ಮಾತು. ಚಳಿಯನ್ನು ಸುಮ್ನೆ ಸಹಿಸಿಕೊಂಡು ಕೂರುವುದು ಉಳಿತಾಯ ಅಲ್ಲ. ತಣ್ಣಗಿನ ಮನೆಯಲ್ಲಿ ರಕ್ತದೊತ್ತಡ ಏರುತ್ತದೆ, ಉಸಿರಾಟದ ತೊಂದರೆ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮಾರ್ಗಸೂಚಿಯಲ್ಲಿ, ಚಳಿ ಬೀಳುವ ದೇಶಗಳ ಮನೆಗಳ ಒಳಗೆ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುರಕ್ಷಿತ ಎಂದು ಹೇಳಿದೆ. ವಯಸ್ಸಾದವರು, ಮಕ್ಕಳು, ಕಾಯಿಲೆ ಇರುವವರು ಇದ್ದರೆ ಅದಕ್ಕಿಂತ ತುಸು ಹೆಚ್ಚೇ ಬೇಕಾಗಬಹುದು. ಗೋಡೆಗೆ ತೂಗುಹಾಕುವ ಒಂದು ಸಾದಾ ಥರ್ಮಾಮೀಟರ್ ಇಟ್ಟುಕೊಳ್ಳಿ. ಅಂದಾಜಿನ ಮೇಲೆ ನಡೆಯುವುದು ತಪ್ಪುತ್ತದೆ. ವಯಸ್ಸಾದಂತೆ ಚಳಿ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಹಾಗಾಗಿ "ನನಗೇನೂ ಚಳಿ ಇಲ್ಲ" ಅನ್ನುವ ಹಿರಿಯರ ಮಾತನ್ನು ಪೂರ್ತಿ ನಂಬಬೇಡಿ, ಥರ್ಮಾಮೀಟರ್ ನೋಡಿ.

ಹೆಜ್ಜೆ 1: ಮೈಯ ಶಾಖವನ್ನು ಮೈಯಲ್ಲೇ ಉಳಿಸಿಕೊಳ್ಳಿ

ಸುಮ್ಮನೆ ಕೂತಿರುವ ಒಬ್ಬ ವಯಸ್ಕರ ದೇಹ ಸುಮಾರು 100 ವಾಟ್‌ನಷ್ಟು ಶಾಖ ಹೊರಹಾಕುತ್ತಲೇ ಇರುತ್ತದೆ. ಇದು ಪುಕ್ಕಟೆ ಸಿಗುವ ಶಾಖ. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಈ ಶಾಖ ಹೊರಗೆ ಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಆ ಕೆಲಸ ಮಾಡುವುದು ಕೂಡ ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ಅಲುಗಾಡದೆ ನಿಂತ ಗಾಳಿ. ಆದ್ದರಿಂದಲೇ ಒಂದು ದಪ್ಪ ಸ್ವೆಟರಿಗಿಂತ ಎರಡು ಮೂರು ತೆಳು ಬಟ್ಟೆಗಳು ಒಂದರ ಮೇಲೊಂದು ಇದ್ದರೆ ಜಾಸ್ತಿ ಬೆಚ್ಚಗಿರುತ್ತದೆ. ಪದರದ ನಡುವೆಯೂ ಗಾಳಿ ನಿಲ್ಲುತ್ತದಲ್ಲ.

ಮೈಗೆ ಅಂಟುವ ಮೊದಲ ಪದರ ಬೆವರನ್ನು ಹಿಡಿದಿಟ್ಟುಕೊಳ್ಳಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗಿ ಉಳಿಯುತ್ತದೆ, ಒದ್ದೆ ಬಟ್ಟೆ ಮೈಯ ಶಾಖ ಎಳೆಯುತ್ತದೆ. ಕೂತೇ ಇರುವವರಿಗೆ ಹತ್ತಿ ಬನಿಯನ್ ಸಾಕು. ಓಡಾಡಿ ಕೆಲಸ ಮಾಡಿ ಆಮೇಲೆ ಕೂರುವವರಾದರೆ ಕೆಲಸ ಮುಗಿದ ಮೇಲೆ ಒಳಗಿನ ಬಟ್ಟೆ ಬದಲಾಯಿಸಿ. ಎರಡು ನಿಮಿಷದ ಕೆಲಸ, ಇಡೀ ಸಂಜೆ ಅದರ ಲಾಭ ಸಿಗುತ್ತದೆ. ನಡುವಿನ ಪದರಕ್ಕೆ ಉಣ್ಣೆಗಿಂತ ಒಳ್ಳೆಯದು ಕಡಿಮೆ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಹೊಸದನ್ನು ಕೊಳ್ಳಬೇಕಿಲ್ಲ. ಹಳೆಯ, ಸ್ವಲ್ಪ ಕುಗ್ಗಿದ ಉಣ್ಣೆ ಸ್ವೆಟರ್ ಒಳಗೆ ಹಾಕಿಕೊಳ್ಳಲು ಎಷ್ಟೋ ಚೆನ್ನ. ಹೊರಗಿನ ಪದರ ಗಾಳಿ ನುಗ್ಗದಂತೆ ಒತ್ತಾಗಿ ನೇಯ್ದದ್ದಾಗಿರಲಿ.

ಕತ್ತು, ಮಣಿಕಟ್ಟು, ಕಾಲಿನ ಹರಡು. ಈ ಮೂರು ಜಾಗಗಳಲ್ಲಿ ರಕ್ತನಾಳ ಚರ್ಮಕ್ಕೆ ಹತ್ತಿರ, ಬಟ್ಟೆಯೂ ಸಡಿಲ. ಒಳಗಿನ ಬಿಸಿ ಗಾಳಿ ಇಲ್ಲಿಂದಲೇ ಹೊರಗೆ ಹೋಗುತ್ತದೆ. ಕತ್ತಿಗೆ ಒಂದು ಮಫ್ಲರ್ ಅಥವಾ ಶಾಲು ಸುತ್ತಿ. ಮಣಿಕಟ್ಟಿಗೆ ಹಳೆಯ ಉದ್ದ ಕಾಲುಚೀಲ ತೆಗೆದುಕೊಳ್ಳಿ. ಬೆರಳು ಬರುವ ತುದಿಯನ್ನು ಕತ್ತರಿಸಿ ಹಾಕಿ. ಹಿಮ್ಮಡಿಯ ಭಾಗದಲ್ಲಿ ಹೆಬ್ಬೆರಳು ತೂರುವಷ್ಟು ಒಂದು ಸೀಳು ಮಾಡಿ. ಕೈಗೆ ಏರಿಸಿದರೆ ಬೆರಳು ಬಿಡುವಾಗಿರುತ್ತದೆ, ಅಂಗೈಯಿಂದ ಮೊಳಕೈ ಹತ್ತಿರದವರೆಗೆ ಬೆಚ್ಚಗಿರುತ್ತದೆ. ಬರೆಯುವುದು, ಹೊಲಿಯುವುದು, ಪಾತ್ರೆ ಒರೆಸುವುದು ಯಾವುದಕ್ಕೂ ಅಡ್ಡಿ ಇಲ್ಲ. ತೋಳು ಮಾತ್ರ ಚೆನ್ನಾಗಿ ಉಳಿದ ಹರಿದ ಸ್ವೆಟರ್ ಇದ್ದರೆ ಆ ತೋಳುಗಳನ್ನು ಕತ್ತರಿಸಿ ಮೊಣಕಾಲಿನ ಕೆಳಗೆ ಹಾಕಿಕೊಳ್ಳಬಹುದು.

ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತು ಕೇಳಿರುತ್ತೀರಿ. ಅದು ನಿಜ ಅಲ್ಲ. ಮೈಯ ಒಟ್ಟು ಚರ್ಮದಲ್ಲಿ ತಲೆಯ ಪಾಲು ಸುಮಾರು ಹತ್ತರಲ್ಲಿ ಒಂದು, ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮಿಕ್ಕೆಲ್ಲ ಮುಚ್ಚಿಕೊಂಡು ತಲೆ ಒಂದನ್ನೇ ಬಿಟ್ಟರೆ ಅದು ಗೊತ್ತಾಗುತ್ತದೆ. ಟೋಪಿ ಹಾಕಿಕೊಳ್ಳಿ.

ಕಾಲುಚೀಲ ಬಿಗಿ ಇರಬಾರದು. ಚಳಿಗೆ ಎರಡು ಜೊತೆ ಹಾಕಿಕೊಂಡು, ಅದರ ಮೇಲೆ ಬಿಗಿಯಾದ ಚಪ್ಪಲಿ ತೊಟ್ಟರೆ ರಕ್ತ ಓಡಾಟ ಕಡಿಮೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬೆರಳು ಆಡಿಸಲು ಜಾಗ ಇದೆಯಾ ನೋಡಿ.

ಗಂಟೆಗೊಮ್ಮೆ ಎದ್ದು ಓಡಾಡಿ. ಮನೆಯೊಳಗೇ ಚುರುಕಾಗಿ ನಡೆದರೂ ದೇಹ ಕೂತಾಗಿನ ಎರಡು ಮೂರು ಪಟ್ಟು ಶಾಖ ಹುಟ್ಟಿಸುತ್ತದೆ. ಗುಡಿಸುವುದು, ಒರೆಸುವುದು, ಮೆಟ್ಟಿಲು ಹತ್ತಿ ಇಳಿಯುವುದು ಇಂಥ ಕೆಲಸಗಳನ್ನು ದಿನದ ಅತಿ ತಣ್ಣಗಿನ ಹೊತ್ತಿಗೆ ಇಟ್ಟುಕೊಳ್ಳಿ. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ, ಬಿಸಿಯಾಗಿ ಏನಾದರೂ ಆಗಾಗ ಕುಡಿಯುತ್ತಿರಿ.

ಹೆಜ್ಜೆ 2: ಕೂರುವ ಜಾಗ

ಮೇಲಿನಿಂದ ಎಷ್ಟು ಹೊದ್ದರೂ ಕೆಳಗಿನಿಂದ ಚಳಿ ಬರುತ್ತಿದ್ದರೆ ಪ್ರಯೋಜನ ಇಲ್ಲ. ಟೈಲ್ಸ್ ನೆಲ ಮತ್ತು ಮರದ ಹಲಗೆ ಎರಡೂ ಒಂದೇ ಕೋಣೆಯಲ್ಲಿದ್ದರೆ ಎರಡರ ಉಷ್ಣತೆಯೂ ಒಂದೇ. ಆದರೂ ಟೈಲ್ಸ್ ಮೇಲೆ ಕಾಲಿಟ್ಟರೆ ಕೊರೆಯುತ್ತದೆ, ಅಲ್ವಾ? ಕಾಲಿನ ಶಾಖವನ್ನು ಅದು ಬೇಗ ಎಳೆದುಕೊಳ್ಳುವುದೇ ಕಾರಣ. ಹಾಗಾಗಿ ನೆಲಕ್ಕೂ ಕಾಲಿಗೂ ನಡುವೆ ಏನಾದರೂ ಇರಲಿ. ಕೆಳಗೆ ರಟ್ಟು ಅಥವಾ ನಾಲ್ಕೈದು ಪದರ ನ್ಯೂಸ್‌ಪೇಪರ್, ಮೇಲೆ ಚಾಪೆ ಅಥವಾ ಜಮಖಾನ. ಅಂಚು ಜಾರದಂತೆ ಟೇಪ್ ಹಾಕಿ. ಹಿರಿಯರು ಕಾಲು ಜಾರಿ ಬಿದ್ದರೆ ಚಳಿಗಿಂತ ದೊಡ್ಡ ಕಷ್ಟ.

ಕುರ್ಚಿಯಲ್ಲಿ ಕೂತು ಹೊತ್ತು ಕಳೆಯುವವರಿಗೆ, ಮೇಜಿನ ಮುಂದೆ ಕೆಲಸ ಮಾಡುವವರಿಗೆ, ಓದುವ ಮಕ್ಕಳಿಗೆ ಒಂದು ಕಾಲುಪೆಟ್ಟಿಗೆ ಮಾಡಿಕೊಡಿ. ಎರಡೂ ಪಾದ ಆರಾಮವಾಗಿ ಹಿಡಿಸುವ ಒಂದು ರಟ್ಟಿನ ಡಬ್ಬ ಬೇಕು. ಅದನ್ನು ಅಡ್ಡ ಮಲಗಿಸಿ, ಬಾಯಿ ನಿಮ್ಮ ಕಡೆ ಬರಲಿ. ಒಳಗೆ ತಳಕ್ಕೂ ಮೂರು ಗೋಡೆಗೂ ನ್ಯೂಸ್‌ಪೇಪರ್ ಮಡಚಿ ಒತ್ತಿ ಇಡಿ. ಅದರ ಮೇಲೆ ಹಳೆಯ ಕಂಬಳಿಯ ತುಂಡು ಹಾಸಿ. ಹಿಂಭಾಗದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಡಿ. ಕಾಲುಚೀಲ ಹಾಕಿದ ಪಾದ ಒಳಗಿಟ್ಟು, ಮಡಿಲ ಮೇಲೆ ಹೊದ್ದ ಕಂಬಳಿ ಡಬ್ಬದ ಬಾಯಿ ಮುಚ್ಚುವಂತೆ ಇಳಿಬಿಡಿ. ಪಾದದ ಸುತ್ತ ಒಂದು ಪುಟ್ಟ ಬೆಚ್ಚನೆ ಕೋಣೆಯೇ ಆಯಿತು. ನೀರು ತಣ್ಣಗಾದ ಮೇಲೂ ನಿಮ್ಮ ಕಾಲಿನ ಶಾಖವೇ ಅಲ್ಲಿ ಉಳಿಯುತ್ತದೆ. ಏಳುವಾಗ ಡಬ್ಬಕ್ಕೆ ಕಾಲು ತೊಡರದಂತೆ ನೋಡಿಕೊಳ್ಳಿ.

ಕುರ್ಚಿಯ ಸೀಟಿಗೂ ಬೆನ್ನಿಗೂ ಮಡಚಿದ ಹೊದಿಕೆ ಹಾಕಿ. ಹೊರಗಿನ ಗೋಡೆಗೆ, ಕಿಟಕಿಗೆ ಒತ್ತಿಕೊಂಡು ಕೂರಬೇಡಿ. ಗಾಳಿ ಬರದಿದ್ದರೂ ತಣ್ಣಗಿನ ಗಾಜು ನಿಮ್ಮ ಮೈಯ ಶಾಖವನ್ನು ದೂರದಿಂದಲೇ ಸೆಳೆಯುತ್ತದೆ. ಕುರ್ಚಿಯನ್ನು ನಾಲ್ಕು ಹೆಜ್ಜೆ ಒಳಕ್ಕೆ ಎಳೆದರೆ ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಹೆಜ್ಜೆ 3: ಹಾಸಿಗೆ, ಮತ್ತು ಒಂದು ಬಿಸಿನೀರಿನ ಚೀಲ

ರಾತ್ರಿ ಚಳಿಯಾದರೆ ಎಲ್ಲರೂ ಮೇಲೆ ಇನ್ನೊಂದು ಕಂಬಳಿ ಹಾಕಿಕೊಳ್ಳುತ್ತಾರೆ. ಕೆಳಗೆ ಹಾಕುವುದು ಮರೆಯುತ್ತಾರೆ. ಮೈಭಾರಕ್ಕೆ ಹಾಸಿಗೆ ಒತ್ತಿಕೊಂಡು ಅದರೊಳಗಿನ ಗಾಳಿ ಹೋಗಿಬಿಡುತ್ತದೆ. ಹಳೆಯ ಹಾಸಿಗೆಯಾದರೆ ಕೇಳುವುದೇ ಬೇಡ. ಎರಡು ಹೊದಿಕೆ ಇದ್ದರೆ ಒಂದನ್ನು ಅಡಿಗೆ ಹಾಸಿ. ನೆಲದ ಮೇಲೆ ಮಲಗುವವರು ಹಾಸಿಗೆಯ ಕೆಳಗೆ ರಟ್ಟು ಹಾಕಿ, ಆದರೆ ದಿನವೂ ಬೆಳಿಗ್ಗೆ ಎತ್ತಿ ಒಣಗಿಸಿ. ಇಲ್ಲದಿದ್ದರೆ ಅಡಿಯಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ.

ಮೇಲೆ ಹೊದೆಯುವಾಗ ಹಗುರವಾದ, ಉಬ್ಬಿದ ಹೊದಿಕೆ ಮೈಗೆ ಹತ್ತಿರ ಇರಲಿ. ಒತ್ತಾಗಿ ನೇಯ್ದ ದುಪ್ಪಟ್ಟಿ ಅದರ ಮೇಲೆ ಬರಲಿ. ಉಬ್ಬಿದ ಹೊದಿಕೆಯೊಳಗಿನ ಬಿಸಿ ಗಾಳಿ ಆಗ ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಮಲಗುವ ಮುಂಚೆ ಒಣ ಬಟ್ಟೆ, ಬೇರೆ ಕಾಲುಚೀಲ ಹಾಕಿಕೊಳ್ಳಿ. ದಿನವಿಡೀ ತೊಟ್ಟದ್ದರಲ್ಲಿ ಕಣ್ಣಿಗೆ ಕಾಣದ ಬೆವರು ಇರುತ್ತದೆ. ಮುಖ ಮುಚ್ಚಿ ಮಲಗಬೇಡಿ, ಉಸಿರಿನ ತೇವ ಹೊದಿಕೆಗೆ ಇಳಿಯುತ್ತದೆ. ತಲೆಗೆ ಟೋಪಿ ಸಾಕು.

ಈಗ ಬಿಸಿನೀರಿನ ಚೀಲ. ನನ್ನ ಲೆಕ್ಕದಲ್ಲಿ ಬಡವರ ಪಾಲಿಗೆ ಇದಕ್ಕಿಂತ ಒಳ್ಳೆಯ ಹೀಟರ್ ಇಲ್ಲ. ಒಂದೂವರೆ ಲೀಟರ್ ನೀರನ್ನು 15 ಡಿಗ್ರಿಯಿಂದ 70 ಡಿಗ್ರಿಗೆ ಕಾಯಿಸಲು ಬೇಕಾಗುವುದು ಯೂನಿಟ್‌ನ ಹತ್ತನೇ ಒಂದು ಭಾಗ. ಅಷ್ಟಕ್ಕೆ ಕೆಲವು ಗಂಟೆ ಹಾಸಿಗೆ ಬೆಚ್ಚಗಿರುತ್ತದೆ.

ಸರಿಯಾಗಿ ತುಂಬುವುದು ಮುಖ್ಯ. ಕುದಿಯುವ ನೀರನ್ನು ನೇರ ಹಾಕಬೇಡಿ, ಒಲೆಯಿಂದ ಇಳಿಸಿ ಕೆಲವು ನಿಮಿಷ ಬಿಡಿ. ಚೀಲದ ಕತ್ತು ಹಿಡಿದು, ನಿಧಾನವಾಗಿ, ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ. ಆಮೇಲೆ ನೀರು ಬಾಯಿಯ ಹತ್ತಿರ ಕಾಣುವವರೆಗೂ ಚೀಲವನ್ನು ಮೆತ್ತಗೆ ಒತ್ತಿ ಒಳಗಿನ ಗಾಳಿ ತೆಗೆಯಿರಿ. ಮುಚ್ಚಳ ತಿರುಗಿಸಿ ಬಿಗಿ ಮಾಡಿ. ಸಿಂಕಿನ ಮೇಲೆ ತಲೆಕೆಳಗು ಹಿಡಿದು ಒಂದು ಹನಿಯಾದರೂ ಜಿನುಗುತ್ತದೆಯಾ ನೋಡಿ. ಹಳೆಯ ಟವೆಲ್ ಅಥವಾ ಸ್ವೆಟರಿನ ತುಂಡು ಸುತ್ತಿ. ಮಲಗುವ ಅರ್ಧ ಗಂಟೆ ಮುಂಚೆ ಹಾಸಿಗೆಯಲ್ಲಿ ಸೊಂಟ ಬರುವ ಜಾಗದಲ್ಲಿಟ್ಟು ಹೊದಿಕೆ ಮುಚ್ಚಿಡಿ. ಮಲಗುವಾಗ ಕಾಲಿನ ಕಡೆಗೆ ಸರಿಸಿ. ಬೆಳಿಗ್ಗೆ ಆ ನೀರು ಇನ್ನೂ ಉಗುರುಬೆಚ್ಚಗೆ ಇರುತ್ತದೆ, ಪಾತ್ರೆ ತೊಳೆಯಲು ಬಳಸಿಕೊಳ್ಳಿ.

ರಬ್ಬರ್ ಹಳೆಯದಾದಂತೆ ಬಿರಿಯುತ್ತದೆ. ಹಲವು ಚೀಲಗಳ ಮೇಲೆ ಹೂವಿನ ಆಕಾರದ ಒಂದು ಅಚ್ಚು ಇರುತ್ತದೆ. ನಡುವಿನ ಅಂಕಿ ತಯಾರಾದ ವರ್ಷ, ಸುತ್ತಲಿನ 12 ಎಸಳು ತಿಂಗಳುಗಳು. ಬಳಕೆ ಶುರುಮಾಡಿ ಎರಡು ವರ್ಷ ಆಗಿದ್ದರೆ, ಅಥವಾ ಮಡಚಿದಾಗ ಗೆರೆ ಗೆರೆಯಾಗಿ ಬಿರುಕು ಕಂಡರೆ ಬದಲಾಯಿಸಿ. ಇಲ್ಲಿ ಉಳಿತಾಯ ನೋಡಬೇಡಿ, ಬಿಸಿನೀರಿನ ಸುಟ್ಟಗಾಯ ಬಹಳ ಕೆಟ್ಟದ್ದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆಗಿರುವವರಿಗೆ ಚೀಲದ ಬಿಸಿ ಗೊತ್ತಾಗದೆ ಚರ್ಮ ಸುಡಬಹುದು. ಅಂಥವರ ಹಾಸಿಗೆಯನ್ನು ಚೀಲದಿಂದ ಕಾಯಿಸಿ, ಅವರು ಮಲಗುವಾಗ ಹೊರಗೆ ತೆಗೆದುಬಿಡಿ. ಪುಟ್ಟ ಮಕ್ಕಳಿಗೂ ಅದೇ ನಿಯಮ.

ಎಲೆಕ್ಟ್ರಿಕ್ ಕಂಬಳಿ ಕೊಳ್ಳುವುದಾದರೆ ತಾನಾಗಿ ಆಫ್ ಆಗುವಂಥದ್ದನ್ನೇ ಕೊಳ್ಳಿ. ಮಡಚಿಟ್ಟು ಆನ್ ಮಾಡಬೇಡಿ, ಮೇಲೆ ಭಾರ ಹೇರಬೇಡಿ. ಬಿಸಿನೀರಿನ ಚೀಲವನ್ನೂ ಇದನ್ನೂ ಒಟ್ಟಿಗೆ ಬಳಸಲೇಬೇಡಿ.

ಹೆಜ್ಜೆ 4: ಒಂದೇ ಕೋಣೆಗೆ ಸೇರಿ

ಇಡೀ ಮನೆ ಬೆಚ್ಚಗಿಡುವ ಆಸೆ ಬಿಡಿ. ಚಳಿ ಜಾಸ್ತಿ ಇರುವ ವಾರಗಳಲ್ಲಿ ಸಂಜೆ ಎಲ್ಲರೂ ಒಂದೇ ಕೋಣೆಯಲ್ಲಿ ಇರಿ. ನಾಲ್ಕು ಜನ ಕೂತರೆ ಸುಮಾರು 400 ವಾಟ್‌ನ ಹೀಟರ್ ಇಟ್ಟಷ್ಟೇ. ಚಿಕ್ಕ ಕೋಣೆ, ಹೊರಗೋಡೆ ಕಡಿಮೆ ಇರುವ ಕೋಣೆ, ಹಗಲಲ್ಲಿ ಬಿಸಿಲು ಬೀಳುವ ಕೋಣೆ ಒಳ್ಳೆಯದು. ಅಡುಗೆಮನೆಯ ಪಕ್ಕದ್ದಾದರೆ ಇನ್ನೂ ಒಳ್ಳೆಯದು. ಮಿಕ್ಕ ಕೋಣೆಗಳ ಬಾಗಿಲು ಹಾಕಿಡಿ. ಬಾಗಿಲೇ ಇಲ್ಲದ ಕಡೆ ಹಳೆಯ ಬೆಡ್‌ಶೀಟ್ ಎರಡು ಪದರ ಮಾಡಿ ತೂಗುಹಾಕಿ.

ಹೆಜ್ಜೆ 5: ಗಾಳಿ ನುಗ್ಗುವ ಸಂದಿಗಳನ್ನು ಹುಡುಕಿ

ನನಗೆ ಕೇಳಿದರೆ, ಮನೆಗೆ ಅಂತ ಮಾಡುವ ಖರ್ಚಿನಲ್ಲಿ ಮೊದಲ ಕಾಸು ಇಲ್ಲಿಗೇ ಹೋಗಬೇಕು. 90 ಸೆಂಟಿಮೀಟರ್ ಅಗಲದ ಬಾಗಿಲಿನ ಕೆಳಗೆ 1 ಸೆಂಟಿಮೀಟರ್ ಸಂದಿ ಇದೆ ಅಂದುಕೊಳ್ಳಿ. ಒಟ್ಟು 90 ಚದರ ಸೆಂಟಿಮೀಟರ್. ಅಂದರೆ ಗೋಡೆಯಲ್ಲಿ ಒಂಬತ್ತೂವರೆ ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ತೂತು ಕೊರೆದು ಬಿಟ್ಟ ಹಾಗೆ. ಗೋಡೆಯಲ್ಲಿ ಅಂಥ ತೂತು ಇದ್ದರೆ ಅವತ್ತೇ ಮುಚ್ಚುತ್ತೀರಿ. ಬಾಗಿಲಿನ ಕೆಳಗೆ ಇದ್ದರೆ ವರ್ಷಗಟ್ಟಲೆ ಯಾರೂ ನೋಡುವುದಿಲ್ಲ.

ಗಾಳಿ ಜೋರಾಗಿ ಬೀಸುವ ದಿನ ಹುಡುಕಿ. ಕಿಟಕಿ ಬಾಗಿಲು ಎಲ್ಲ ಹಾಕಿ, ಫ್ಯಾನ್ ನಿಲ್ಲಿಸಿ. ಒಂದು ಊದುಬತ್ತಿ ಹಚ್ಚಿಕೊಂಡು ಪರದೆಗಳಿಂದ ದೂರ ಹಿಡಿದು ಚೌಕಟ್ಟಿನ ಉದ್ದಕ್ಕೂ ನಿಧಾನವಾಗಿ ನಡೆಸಿ. ಹೊಗೆ ನೇರ ಮೇಲೆ ಹೋಗುತ್ತಿದ್ದರೆ ಸರಿ. ಎಲ್ಲಿ ಪಕ್ಕಕ್ಕೆ ಬಾಗುತ್ತದೋ, ನಡುಗುತ್ತದೋ, ಅಲ್ಲಿ ಸಂದಿ ಇದೆ. ಪೆನ್ಸಿಲ್‌ನಿಂದ ಗುರುತು ಹಾಕಿ. ಊದುಬತ್ತಿ ಬೇಡ ಅನ್ನುವವರು ಅಂಗೈ ಹಿಂಭಾಗ ಒದ್ದೆ ಮಾಡಿಕೊಂಡು ಸಂದಿಯ ಹತ್ತಿರ ಹಿಡಿಯಿರಿ, ತಣ್ಣನೆ ಗಾಳಿ ತಾಗಿದರೆ ತಕ್ಷಣ ಗೊತ್ತಾಗುತ್ತದೆ. ಬಾಗಿಲು, ಕಿಟಕಿ ಅಷ್ಟೇ ಅಲ್ಲ. ಕೀಲಿ ತೂತು, ಪೈಪು ಗೋಡೆ ದಾಟುವ ಜಾಗ, ವೈರು ಹೊರಗೆ ಹೋಗುವ ತೂತು, ಚೌಕಟ್ಟಿಗೂ ಗೋಡೆಗೂ ನಡುವೆ ಗಾರೆ ಬಿಟ್ಟ ಬಿರುಕು ಎಲ್ಲ ನೋಡಿ.

ಬಾಗಿಲಿನ ಕೆಳಗಿನ ಸಂದಿಗೆ ಹಳೆಯ ಪ್ಯಾಂಟಿನ ಒಂದು ಕಾಲು ಸಾಕು. ಬಾಗಿಲಿಗಿಂತ ನಾಲ್ಕು ಬೆರಳು ಉದ್ದ ಕತ್ತರಿಸಿ, ಒಂದು ತುದಿ ಹೊಲಿಯಿರಿ. ಒಳಗೆ ಚಿಂದಿ ಬಟ್ಟೆ ಬಿಗಿಯಾಗಿ ತುಂಬಿ. ನಡುನಡುವೆ ಎರಡು ಮೂರು ಹಿಡಿ ಮರಳನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಸೇರಿಸಿ. ಭಾರ ಇಲ್ಲದಿದ್ದರೆ ಗಾಳಿಗೆ ಸರಿದು ಹೋಗುತ್ತದೆ. ಇನ್ನೊಂದು ತುದಿಯನ್ನೂ ಹೊಲಿದರೆ ಆಯಿತು. ಕಿಟಕಿಯ ರೆಕ್ಕೆ ಚೌಕಟ್ಟಿಗೆ ಕೂರುವ ಕಡೆ ಅಂಟು ಇರುವ ಫೋಮ್ ಪಟ್ಟಿ ಹಚ್ಚಿ. ಹಚ್ಚುವ ಮುಂಚೆ ಆ ಜಾಗ ಒರೆಸಿ ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಸ್ವಲ್ಪ ದಿನಕ್ಕೇ ಕಿತ್ತು ಬರುತ್ತದೆ. ಪಟ್ಟಿ ತೀರಾ ದಪ್ಪ ಆದರೆ ಕಿಟಕಿ ಚಿಲಕ ಬೀಳುವುದಿಲ್ಲ, ಮೊದಲು ಒಂದು ತುಂಡು ಹಚ್ಚಿ ನೋಡಿ. ತೆರೆದು ಮುಚ್ಚದ ಜಾಗದ ಬಿರುಕುಗಳಿಗೆ ಸಿಲಿಕೋನ್ ಅಥವಾ ಪುಟ್ಟಿ ತುಂಬಿ.

ಒಂದನ್ನು ಮಾತ್ರ ಮುಚ್ಚಬೇಡಿ. ಗ್ಯಾಸ್, ಸೀಮೆಎಣ್ಣೆ, ಸೌದೆ, ಇದ್ದಿಲು ಯಾವುದೇ ಉರಿಯುವ ಕೋಣೆಯ ವೆಂಟಿಲೇಟರ್ ತೆರೆದೇ ಇರಲಿ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಗೂ ಈ ಮಾತು ಅನ್ವಯಿಸುತ್ತದೆ.

ಹೆಜ್ಜೆ 6: ಕಿಟಕಿ ಗಾಜು ಮತ್ತು ಬಿಸಿಲು

ಒಂದೂವರೆ ಚದರ ಮೀಟರ್‌ನ ಒಂಟಿ ಗಾಜಿನ ಕಿಟಕಿ ಇದೆ, ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಸಂದಿಯೇ ಇಲ್ಲದಿದ್ದರೂ ಆ ಗಾಜಿನ ಮೂಲಕ ಸುಮಾರು 120 ವಾಟ್ ಶಾಖ ಎಡೆಬಿಡದೆ ಹೊರಗೆ ಹೋಗುತ್ತಿರುತ್ತದೆ. ಒಬ್ಬರ ಮೈಯ ಶಾಖಕ್ಕಿಂತ ಜಾಸ್ತಿ!

ಪಾರ್ಸೆಲ್ ಜೊತೆ ಬರುವ ಗುಳ್ಳೆ ಪ್ಲಾಸ್ಟಿಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಾಜಿನ ಅಳತೆಗೆ ಕತ್ತರಿಸಿ. ಗಾಜಿನ ಮೇಲೆ ನೀರು ಚಿಮುಕಿಸಿ, ಗುಳ್ಳೆ ಇರುವ ಮೈಯನ್ನು ಗಾಜಿಗೆ ಒತ್ತಿ. ಅಂಟು ಬೇಕಿಲ್ಲ, ನೀರಿಗೇ ಅಂಟಿಕೊಳ್ಳುತ್ತದೆ. ಹೊರಗಿನ ನೋಟ ಮಸುಕಾಗುತ್ತದೆ, ಬೆಳಕು ಬರುತ್ತದೆ. ನೋಟ ಬೇಕೆನ್ನುವ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿಯಾಗಿ ಟೇಪ್ ಮಾಡಿ. ಗಾಜಿಗೂ ಹಾಳೆಗೂ ನಡುವೆ ಒಂದೆರಡು ಸೆಂಟಿಮೀಟರ್ ಗಾಳಿ ನಿಂತರೆ ಅದೇ ಎರಡನೇ ಗಾಜಿನ ಕೆಲಸ ಮಾಡುತ್ತದೆ. ಬೆಂಕಿ ಬಿದ್ದರೆ ಹೊರಗೆ ಹಾರಬೇಕಾದ ಒಂದು ಕಿಟಕಿಯನ್ನಾದರೂ ಹೀಗೆ ಮುಚ್ಚದೆ ಬಿಡಿ.

ಪರದೆ ಕಿಟಕಿಗಿಂತ ಅಗಲ ಇರಲಿ, ನೆಲ ಅಥವಾ ಕಿಟಕಿಯ ಕಟ್ಟೆ ಮುಟ್ಟಲಿ. ಗಾಜಿನ ಬಳಿ ತಣ್ಣಗಾದ ಗಾಳಿ ಕೆಳಗೆ ಇಳಿಯುತ್ತದೆ. ಪರದೆಯ ಕೆಳಗೆ ಜಾಗ ಇದ್ದರೆ ಅಲ್ಲಿಂದಲೇ ಕೋಣೆಯೊಳಗೆ ಹರಿದು ಬರುತ್ತದೆ. ತೆಳು ಪರದೆಯಾದರೆ ಹಿಂದೆ ಹಳೆಯ ಕಂಬಳಿ ಜೋಡಿಸಿ. ಬಿಸಿಲು ಬೀಳುವ ಹೊತ್ತಿಗೆ ಪರದೆ ಪೂರ್ತಿ ಸರಿಸಿಡಿ, ಬಿಸಿಲು ಹೋದ ಕೂಡಲೇ ಎಳೆದುಬಿಡಿ. ಕತ್ತಲಾಗುವವರೆಗೂ ಕಾಯಬೇಡಿ.

ತೇವದ ಮೇಲೆ ಒಂದು ಕಣ್ಣು

ಸಂದಿ ಎಲ್ಲ ಮುಚ್ಚಿದ ಮೇಲೆ ಹೊಸ ತೊಂದರೆ ಶುರುವಾಗಬಹುದು. ಉಸಿರು, ಅಡುಗೆ, ಸ್ನಾನ, ಒಣಗಲು ಹಾಕಿದ ಬಟ್ಟೆ ಎಲ್ಲದರ ತೇವ ಒಳಗೇ ಉಳಿದು ತಣ್ಣಗಿನ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ಆಮೇಲೆ ಕಪ್ಪು ಬೂಷ್ಟು. ರಾತ್ರಿಯಿಡೀ ಮಲಗಿದ ಒಬ್ಬರಿಂದಲೇ ಸುಮಾರು ಒಂದು ಲೋಟ ನೀರು ಆವಿಯಾಗಿ ಗಾಳಿ ಸೇರುತ್ತದೆ. ಒಂದು ದೊಡ್ಡ ಹೊರೆ ಒದ್ದೆ ಬಟ್ಟೆಯಿಂದ ಎರಡು ಲೀಟರಿನಷ್ಟು.

ಬೆಳಿಗ್ಗೆ ಎದುರುಬದುರು ಕಿಟಕಿಗಳನ್ನು ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ಗಾಳಿ ಬದಲಾಗುತ್ತದೆ, ಅಷ್ಟು ಹೊತ್ತಿಗೆ ಗೋಡೆ ತಣ್ಣಗಾಗುವುದಿಲ್ಲ. ದಿನವಿಡೀ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಡುವುದಕ್ಕಿಂತ ಇದು ಮೇಲು. ಕುದಿಸುವ ಪಾತ್ರೆಗೆ ಮುಚ್ಚಳ ಹಾಕಿ. ಬೀರುವನ್ನು ಹೊರಗೋಡೆಗೆ ಒತ್ತಿ ಇಡದೆ ಮೂರು ನಾಲ್ಕು ಬೆರಳಿನ ಜಾಗ ಬಿಡಿ.

ಹೆಜ್ಜೆ 7: ಇನ್ನೂ ಸಾಲದಿದ್ದರೆ ಹೀಟರ್

ಅಂಗಡಿಯಲ್ಲಿ "ಕಡಿಮೆ ಕರೆಂಟಿಗೆ ಜಾಸ್ತಿ ಬಿಸಿ" ಅನ್ನುವ ಮಾತು ಕೇಳಿಸುತ್ತದೆ. ತಂತಿ ಕಾದು ಬಿಸಿ ಕೊಡುವ ಎಲ್ಲ ಹೀಟರ್‌ಗಳೂ, ಅಂದರೆ ರಾಡ್, ಫ್ಯಾನ್, ಆಯಿಲ್ ತುಂಬಿದ್ದು, ಸೆರಾಮಿಕ್, ಒಂದು ಯೂನಿಟ್ ಕರೆಂಟಿಗೆ ಕೊಡುವುದು ಒಂದೇ ಯೂನಿಟ್ ಶಾಖ. ಬೆಲೆ ಎಷ್ಟೇ ಇರಲಿ. ವ್ಯತ್ಯಾಸ ಇರುವುದು ಆ ಶಾಖ ಹೇಗೆ ತಲುಪುತ್ತದೆ ಅನ್ನುವುದರಲ್ಲಿ. ಕೆಂಪಗೆ ಹೊಳೆಯುವ ರಾಡ್ ಹೀಟರ್ ಎದುರಿಗೆ ಕೂತವರನ್ನು ನೇರ ಕಾಯಿಸುತ್ತದೆ, ಒಬ್ಬರು ಒಂದೇ ಕಡೆ ಕೂರುವುದಾದರೆ 400ರಿಂದ 800 ವಾಟ್‌ನದ್ದು ಸಾಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಹೆಚ್ಚು ಹೊತ್ತು ಇರುವುದಾದರೆ ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿಯಾದ ಕೂಡಲೇ ತಾನಾಗಿ ಆರಿಸುವ ಸಾಧನ) ಇರುವ ಆಯಿಲ್ ಹೀಟರ್ ಒಳ್ಳೆಯದು. ಫ್ಯಾನ್ ಹೀಟರ್ ಬೇಗ ಕಾಯುತ್ತದೆ, ಆರಿಸಿದ ಮರುಕ್ಷಣ ತಣ್ಣಗೆ. ಇವೆಲ್ಲಕ್ಕಿಂತ ಬೇರೆ ಲೆಕ್ಕ ಇರುವುದು ಬಿಸಿಗಾಳಿಯನ್ನೂ ಕೊಡುವ ಏಸಿಗೆ. ಅದು ಹೊರಗಿನ ಗಾಳಿಯಿಂದ ಶಾಖ ಎಳೆದು ತರುವುದರಿಂದ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್ ಶಾಖ ಕೊಡಬಲ್ಲದು. ಮನೆಯಲ್ಲಿ ಈಗಾಗಲೇ ಅಂಥ ಏಸಿ ಇದ್ದರೆ ರಾಡ್ ಹೀಟರ್ ಬದಿಗಿಟ್ಟು ಅದನ್ನೇ ಬಳಸಿ.

ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ: ವಾಟ್‌ಗೆ ಗಂಟೆ ಗುಣಿಸಿ, 1000ದಿಂದ ಭಾಗಿಸಿ. ಬಂದದ್ದು ಯೂನಿಟ್. ಅದಕ್ಕೆ ನಿಮ್ಮ ಬಿಲ್ಲಿನಲ್ಲಿರುವ ದರ ಗುಣಿಸಿ.

ಬಟ್ಟೆ, ಪರದೆ, ಹಾಸಿಗೆ ಹೀಟರಿನಿಂದ ಒಂದು ಮೀಟರ್ ದೂರ ಇರಲಿ. ಗೋಡೆಯ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಪ್ಲಗ್ ಮುಟ್ಟಿದರೆ ಬಿಸಿ ಅನ್ನಿಸಿದರೆ ತಕ್ಷಣ ಆರಿಸಿ. ಅದರ ಮೇಲೆ ಬಟ್ಟೆ ಒಣಗಿಸಬೇಡಿ. ನಿದ್ದೆ ಹೋಗುವ ಮುಂಚೆ ಆಫ್ ಮಾಡಿ.

ಕೆಂಡವನ್ನು ಒಳಗೆ ತರಬೇಡಿ

ಇದನ್ನು ಓದುವವರಲ್ಲಿ ಒಬ್ಬರಾದರೂ ಇದ್ದಿಲಿನ ಒಲೆಯನ್ನು ಮಲಗುವ ಕೋಣೆಯಲ್ಲಿಡುವುದನ್ನು ಬಿಟ್ಟರೆ ಈ ಬರಹ ಸಾರ್ಥಕ. ಹೊಗೆ ಇಲ್ಲ, ಬರೀ ಕೆಂಡ, ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಹೊಗೆ ಇಲ್ಲದ ಕೆಂಡದಿಂದಲೇ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಇದಾವುದೂ ಗೊತ್ತಾಗುವುದೇ ಇಲ್ಲ, ಹಾಗೇ ಪ್ರಾಣ ಹೋಗುತ್ತದೆ. ಕಿಟಕಿ ಸ್ವಲ್ಪ ತೆರೆದಿದ್ದರೆ ಸಾಕು ಅನ್ನುವುದೂ ತಪ್ಪು. ಗ್ಯಾಸ್ ಒಲೆ ಹಚ್ಚಿಟ್ಟು ಕೋಣೆ ಕಾಯಿಸುವುದೂ ಅಪಾಯವೇ. ಮನೆಯಲ್ಲಿ ಒಟ್ಟಿಗೆ ಇಬ್ಬರಿಗೆ ಹೀಗೆ ತಲೆನೋವು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ.

ಮೇಣದ ಬತ್ತಿಯ ಮೇಲೆ ಮಣ್ಣಿನ ಕುಂಡ ಬೋರಲು ಹಾಕಿ ಕೋಣೆ ಕಾಯಿಸುವ ವಿಡಿಯೋಗಳು ಓಡಾಡುತ್ತಿರುತ್ತವೆ. ಒಂದು ಬತ್ತಿಯ ಶಾಖ ಕೂತ ಒಬ್ಬ ಮನುಷ್ಯನ ಮೈಯ ಶಾಖಕ್ಕಿಂತ ಜಾಸ್ತಿ ಇಲ್ಲ. ಕುಂಡ ಅದನ್ನು ಹೆಚ್ಚಿಸುವುದೂ ಇಲ್ಲ. ಬೆಂಕಿಯ ಅಪಾಯ ಮಾತ್ರ ಹೆಚ್ಚುತ್ತದೆ. ಮದ್ಯವೂ ಬೇಡ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಇನ್ನೂ ಬೇಗ ಹೋಗುತ್ತದೆ.

ದುಡ್ಡು ಯಾವ ಕ್ರಮದಲ್ಲಿ ಖರ್ಚು ಮಾಡುವುದು

ಏನೂ ಖರ್ಚಿಲ್ಲದೆ ಈ ವಾರವೇ ಆಗುವಂಥವು: ಬಟ್ಟೆಯ ಪದರ, ಕಾಲುಪೆಟ್ಟಿಗೆ, ಮಲಗುವಾಗ ಮೈಯ ಕೆಳಗೆ ಹಾಸುವ ಹೊದಿಕೆ, ಕೋಣೆ ಬದಲಾವಣೆ, ಬಾಗಿಲಿನ ಸಂದಿಗೆ ಪ್ಯಾಂಟಿನ ಕಾಲು, ಪರದೆಯ ಹೊತ್ತು. ಸ್ವಲ್ಪ ದುಡ್ಡು ಸಿಕ್ಕರೆ ಮೊದಲು ಬಿಸಿನೀರಿನ ಚೀಲ, ಆಮೇಲೆ ಥರ್ಮಾಮೀಟರ್, ಫೋಮ್ ಪಟ್ಟಿ. ಇನ್ನೂ ಕೂಡಿದರೆ ಎಲೆಕ್ಟ್ರಿಕ್ ಕಂಬಳಿ. ಹೀಟರ್ ಎಲ್ಲಕ್ಕಿಂತ ಕೊನೆಗೆ. ಮನೆಯಲ್ಲಿ ಏನಾದರೂ ಉರಿಸುವವರಾದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಪಟ್ಟಿಯ ಮೇಲ್ತುದಿಗೆ ಬರಬೇಕು.

ಮಗು ಮತ್ತು ಹಿರಿಯರು

ಒಂದು ವರ್ಷದೊಳಗಿನ ಮಗುವಿನ ಹಾಸಿಗೆಯಲ್ಲಿ ಸಡಿಲ ಕಂಬಳಿ, ದಿಂಬು, ಬಿಸಿ ಚೀಲ ಇಡಬೇಡಿ. ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಕೋಣೆಯೊಳಗೆ ಮಲಗುವ ಮಗುವಿಗೆ ಟೋಪಿಯೂ ಬೇಡ. ಮೈಗೆ ಒಂದು ಪದರ ಹೆಚ್ಚು ಬಟ್ಟೆ ತೊಡಿಸಿ. ಬೆಚ್ಚಗಿದೆಯಾ ಅಂತ ಕೈ ಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗಿರುವುದು ಸಹಜ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಪದರ ತೆಗೆಯಿರಿ.

ಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ತುರ್ತು ಸ್ಥಿತಿ. ಮಾತು ತೊದಲುವುದು, ಗೊಂದಲ, ಎಡವುವುದು, ವಿಪರೀತ ನಿದ್ದೆ ಇದರ ಗುರುತು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಗುಣ ಆಯಿತು ಅಂದುಕೊಳ್ಳಬೇಡಿ, ಸ್ಥಿತಿ ಕೆಟ್ಟಿದೆ ಅಂತ ಅರ್ಥ. ಆಂಬುಲೆನ್ಸ್‌ಗೆ ಫೋನ್ ಮಾಡಿ. ಅದು ಬರುವವರೆಗೆ ಒದ್ದೆ ಬಟ್ಟೆ ಇದ್ದರೆ ತೆಗೆದು, ಒಣ ಕಂಬಳಿಯಲ್ಲಿ ಸುತ್ತಿ, ತಲೆ ಮುಚ್ಚಿ. ಕೈ ಕಾಲಿಗಿಂತ ಮೊದಲು ಎದೆ, ಹೊಟ್ಟೆಯ ಭಾಗ ಬೆಚ್ಚಗಾಗಲಿ. ಪಕ್ಕದಲ್ಲಿ ಇನ್ನೊಬ್ಬರು ಒತ್ತಿಕೊಂಡು ಮಲಗಿದರೂ ಆಯಿತು. ಕೈ ಕಾಲು ತಿಕ್ಕಬೇಡಿ, ಬಿಸಿನೀರಿನ ಸ್ನಾನ ಮಾಡಿಸಬೇಡಿ. ಪೂರ್ತಿ ಎಚ್ಚರ ಇದ್ದು, ತಾವೇ ನುಂಗುವಂತಿದ್ದರೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯವನ್ನು ಗುಟುಕು ಗುಟುಕಾಗಿ ಕೊಡಿ.